ಡಿಫ್ರೆನ್ಷಿಯಲ್ ಬಿಚ್ಚೋಕೆ ಹೆದರೋರಿಗೆ, ಮತ್ತು ಅಂದಾಜಲ್ಲಿ ಬಿಚ್ಚೋರಿಗೆ

ಹೋದ ವಾರ ಪಕ್ಕದ ಊರಿನ ಗೆಳೆಯರೊಬ್ಬರ ಜೀಪು ಗುಜರಿಗೆ ಹೋಯ್ತು. ಕೆಜಿ ಲೆಕ್ಕದಲ್ಲಿ. ಅವರಪ್ಪನ ಕಾಲದ ಗಾಡಿ. ಇಂಜಿನ್ ಗಟ್ಟಿ ಇತ್ತು, ಚಾಸಿಗೆ ತುಕ್ಕು ಇರಲಿಲ್ಲ. ಸತ್ತಿದ್ದು ಎಂತಕ್ಕೆ ಅಂತ ಕೇಳಿದ್ರೆ ನಿಮಗೂ ಹೊಟ್ಟೆ ಉರಿಯುತ್ತೆ: ಒಂದು ಆಯಿಲ್ ಸೀಲು ಮತ್ತು ಒಂದು ಬೇರಿಂಗ್.

ಕಥೆ ಹೀಗೆ. ದೀಪಾವಳಿ ಕಳೆದು ಕೊನೆ ಕೊಯ್ಲು ಶುರುವಾಗೋ ಹೊತ್ತಿಗೆ ಹಿಂದಿನ ಆಕ್ಸಲ್‌ನಲ್ಲಿ ಗುಂಯ್ ಅಂತ ಸದ್ದು ಬಂತು. ಪೇಟೆಯ ಗ್ಯಾರೇಜಿಗೆ ಒಯ್ದರು. ಅಲ್ಲಿ ಕವರ್ ಕೂಡ ಬಿಚ್ಚಲಿಲ್ಲ. "ಡಿಫ್ರೆನ್ಷಿಯಲ್ ಹೋಗಿದೆ ಸಾರ್, ಹೌಸಿಂಗ್ ಸಮೇತ ಬದಲಿಸಬೇಕು" ಅಂದ್ರು. ಗುಜರಿಯಿಂದ ಒಂದು ಆಕ್ಸಲ್ ಬಂತು, ಎರಡು ದಿನದಲ್ಲಿ ಕೂತಿತು, ಸದ್ದು ನಿಂತಿತು. ಎಲ್ಲರಿಗೂ ಖುಷಿ. ಮಳೆಗಾಲದಲ್ಲಿ ಮೊದಲ ಸಲ ಫೋರ್ ವೀಲ್ ಹಾಕಿ ಮಣ್ಣಿನ ದಿಣ್ಣೆ ಹತ್ತಿಸಿ, ಹಂಗೇ ಟಾರು ರೋಡಿಗೆ ಬಂದ್ರು. ಲಿವರ್ ವಾಪಸ್ ಬರಲೇ ಇಲ್ಲ. ಜೋರು ಮಾಡಿ ಓಡಿಸಿದ್ರು. ಟ್ರಾನ್ಸ್‌ಫರ್ ಕೇಸ್ ಒಳಗೆ ಹಲ್ಲು ಮುರೀತು. ಅದರ ರಿಪೇರಿ ಅಂದಾಜು ಕೇಳಿ ಗಾಡಿಯೇ ಬೇಡ ಅಂತ ಕೊಟ್ಟುಬಿಟ್ಟರು.

ಆಮೇಲೆ ನಾನು ಹೋಗಿ ನೋಡಿದೆ. ಮುಂದಿನ ಆಕ್ಸಲ್ ಹಳೇದು, ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಗುಜರಿಯಿಂದ ತಂದ ಹಿಂದಿನದು 39ಕ್ಕೆ 8. ಭಾಗಿಸಿ ನೋಡಿ: ಒಂದು 5.38, ಇನ್ನೊಂದು 4.88. ನೂರಕ್ಕೆ ಹತ್ತು ವ್ಯತ್ಯಾಸ. ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಎರಡೂ ಒಟ್ಟಿಗೆ ಕಟ್ಟಿಹಾಕಿದ ಹಾಗೆ ತಿರುಗಬೇಕು. ಗಾಲಿಗಳು ಮಾತ್ರ ಒಂದೇ ರಸ್ತೆ ಮೇಲೆ ಓಡ್ತಾ ಇರ್ತವೆ. ಕೆಸರಲ್ಲಿ ಗಾಲಿ ಜಾರಿ ಸರಿಹೋಗುತ್ತೆ. ಟಾರಿನ ಮೇಲೆ ಜಾರಲ್ಲ, ಹಗ್ಗ ಹುರಿ ಹಾಕಿದ ಹಾಗೆ ಬಿಗೀತಾ ಹೋಗುತ್ತೆ. ಎಲ್ಲೋ ಒಂದು ಕಡೆ ಮುರೀಲೇಬೇಕು.

ಬಿಚ್ಚಿ ಬಿಸಾಕಿದ್ದ ಅವರ ಹಳೇ ಹೌಸಿಂಗ್ ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಕೇಳಿ ತಂದೆ. ಕವರ್ ತೆಗೆದೆ. ಕ್ರೌನ್ ಪಿನಿಯನ್ ಹಲ್ಲು ಒಂದೂ ಹೋಗಿಲ್ಲ. ಪಿನಿಯನ್ ಸೀಲು ಒಣಗಿ ಸೀಳಿದೆ, ಆಯಿಲ್ ಸೋರಿ ತಳಕ್ಕೆ ಇಳಿದಿದೆ, ಪಿನಿಯನ್‌ನ ಹೊರಗಿನ ಬೇರಿಂಗ್ ಸಿಡುಬಿನ ಹಾಗೆ ಗುಳಿ ಬಿದ್ದಿದೆ. ಅಷ್ಟೇ. ಒಳಗಿನ ಆಯಿಲನ್ನ ಕ್ರೌನ್ ವೀಲ್ ತಿರುಗಿ ಎರಚಿ ಹಂಚಬೇಕು; ಲೆವೆಲ್ ಕಮ್ಮಿಯಾದ್ರೆ ಮೊದಲು ಬಾಯಾರೋದು ಈ ಹೊರಗಿನ ಬೇರಿಂಗೇ. ಎರಡು ಬೇರಿಂಗ್, ಒಂದು ಸೀಲು, ಎರಡು ದಿನದ ಕೆಲಸದಲ್ಲಿ ಉಳೀಬೇಕಿದ್ದ ಗಾಡಿ ಈಗ ಇಲ್ಲ.

ಈಗ ನನ್ನ ಮಾತು. ತಪ್ಪು ಗ್ಯಾರೇಜಿನದು ಅಂತ ಎಲ್ಲರೂ ಅಂದ್ರು. ಅರ್ಧ ಮಾತ್ರ ನಿಜ. ಉಳಿದ ಅರ್ಧ ತಪ್ಪು ನಮ್ಮದು. ಸೊಸೈಟಿ ಜಗಲಿ ಮೇಲೆ ನಾವು ದಿನಾ ಆಡೋ ಮಾತಿದೆಯಲ್ಲ, "ಡಿಫ್ರೆನ್ಷಿಯಲ್ಲಾ? ಅದು ನಮ್ಮ ಕೈಲಾಗೋದಲ್ಲ ಮಾರಾಯ", ಆ ಮಾತಿನದು.

ಯಾಕೆ ಕೈಲಾಗಲ್ಲ? ಕಾಳುಮೆಣಸಿಗೆ ಕಸಿ ಕಟ್ಟೋದು ಬ್ಲೇಡಿನ ಅಂಚಲ್ಲಿ ಮಾಡೋ ಕೆಲಸ, ಅದು ಬರುತ್ತೆ. ಬಾವಿಗೆ ಇಳಿದು ಫುಟ್‌ವಾಲ್ವ್ ಬದಲಿಸೋದು ಬರುತ್ತೆ. ಅಡಿಕೆ ಸುಲಿಯೋ ಮೆಷಿನ್‌ನ ಬೇರಿಂಗ್ ರಾತ್ರೋರಾತ್ರಿ ಬದಲಿಸ್ತೀವಿ. ಈ ಒಂದು ಕಬ್ಬಿಣದ ಗುಂಡು ಡಬ್ಬಿ ಕಂಡ್ರೆ ಮಾತ್ರ ದೇವರ ಗುಡಿ ಕಂಡ ಹಾಗೆ ಹೊರಗೇ ನಿಂತು ಕೈ ಮುಗೀತೀವಿ.

ಒಳಗೆ ಇರೋದು ಎಂತ? ಹಿಂದೆ ಕಣದಲ್ಲಿ ಎತ್ತು ಕಟ್ಟಿ ಮೇಟಿ ಸುತ್ತ ತಿರುಗಿಸ್ತಿದ್ದದ್ದು ನೆನಪು ಮಾಡ್ಕೊಳ್ಳಿ. ಮೇಟಿ ಹತ್ತಿರದ ಎತ್ತು ನಿಧಾನ ಹೆಜ್ಜೆ ಹಾಕುತ್ತೆ, ಹೊರಗಿನದು ಓಡಬೇಕು. ಗಾಡಿ ತಿರುವಲ್ಲಿ ಹೋಗುವಾಗ ಒಳಗಿನ ಗಾಲಿಗೂ ಹೊರಗಿನ ಗಾಲಿಗೂ ಅದೇ ವ್ಯತ್ಯಾಸ. ಎರಡಕ್ಕೂ ಶಕ್ತಿ ಹೋಗಬೇಕು, ಆದ್ರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಅದಕ್ಕೆ ನಡುವೆ ನಾಕು ಸಣ್ಣ ಹಲ್ಲಿನ ಗೇರು: ಎರಡು ಆಕ್ಸಲ್ ಕಡೆ, ಎರಡು ಅಡ್ಡ ಪಿನ್ನಿನ ಮೇಲೆ. ಪೆಕ್ಯೂರ್ ಅನ್ನೋ ಫ್ರಾನ್ಸಿನವನು ಹಬೆ ಗಾಡಿಗೆ ಅಂತ ಇದನ್ನ ಮಾಡಿದ್ದು 1827ರ ಸುಮಾರಿಗೆ. ಇನ್ನೂರು ವರ್ಷ ಹಳೇ ಬುದ್ಧಿ. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ವೈರು ಇಲ್ಲ. ಕಣ್ಣು, ಕೈ ಮತ್ತು ಅಳತೆ ಸಾಕು.

ಅಳತೆ. ಇಲ್ಲಿ ನಾನು ಇನ್ನೊಂದು ಗುಂಪಿನ ಕಡೆ ತಿರುಗಬೇಕು. ಹೆದರದೇ ಬಿಚ್ಚೋ ಧೀರರು ಇದ್ದಾರಲ್ಲ, ಅವರು. ನಾಕು ವರ್ಷದ ಹಿಂದೆ ನಾನೂ ಅವರಲ್ಲೊಬ್ಬ.

ನಮ್ಮ ಜೀಪಿನದು ಬಿಚ್ಚಿ, ಹೊಸ ಬೇರಿಂಗ್ ಹಾಕಿ, ಶಿಮ್ ಎಲ್ಲ ಒಂದೇ ತಟ್ಟೆಗೆ ಸುರಿದು, "ಕೈಗೆ ಪ್ಲೇ ಸರಿ ಅನ್ನಿಸುತ್ತೆ" ಅಂತ ಮುಚ್ಚಿದೆ. ಊರೆಲ್ಲ ಹೇಳಿಕೊಂಡು ತಿರುಗಿದೆ. ಆರುನೂರು ಕಿಲೋಮೀಟರ್ ಆಗೋ ಹೊತ್ತಿಗೆ ಕೂಗೋಕೆ ಶುರು. ಬಿಚ್ಚಿದ್ರೆ ಹಲ್ಲಿನ ತುದಿ ಚಕ್ಕೆ ಎದ್ದಿತ್ತು. ಚೆನ್ನಾಗಿದ್ದ ಕ್ರೌನ್ ಪಿನಿಯನ್ ಜೋಡಿಯನ್ನ ನನ್ನ ಕೈಯಾರೆ ಕೊಂದೆ. ಗ್ಯಾರೇಜಿನವರು ಬಿಚ್ಚದೇ ಹಾಳು ಮಾಡಿದ್ರೆ ನಾನು ಬಿಚ್ಚಿ ಹಾಳು ಮಾಡಿದೆ. ವ್ಯತ್ಯಾಸ ಎಂತ? ನನ್ನದಕ್ಕೆ ಬಿಲ್ಲು ಬರಲಿಲ್ಲ, ಅಷ್ಟೇ.

ಅದಕ್ಕೇ ಹೇಳೋದು. ಅಂದಾಜು ಅನ್ನೋದು ಗೊಬ್ಬರಕ್ಕೆ ನಡೆಯುತ್ತೆ, ಗೇರಿಗೆ ನಡೆಯಲ್ಲ. ಹಳೇ ನಮೂನೆ ಜೀಪು, ಹಿಂದೆ ಕವರ್ ಬಿಚ್ಚೋ ಜಾತಿಯ ಆಕ್ಸಲ್, ಅದರ ಮೇಲೆ ಎರಡನೇ ಸಲ ಸರಿಯಾಗಿ ಮಾಡಿದ ಕೆಲಸವನ್ನ ಇಲ್ಲಿ ಬರೀತೀನಿ. ಸಂಖ್ಯೆಗಳ ವಿಷಯದಲ್ಲಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಇರೋದೇ ಕೊನೇ ಮಾತು.

ಮೊದಲು ಸದ್ದು ಕೇಳಿ. ಆಕ್ಸಿಲರೇಟರ್ ಒತ್ತಿದಾಗ ಕೂಗಿ, ಬಿಟ್ಟಾಗ ಸುಮ್ಮನಾದ್ರೆ, ಅಥವಾ ಅದರ ತಿರುಗಾ ಮುರುಗಾ ಆದ್ರೆ, ಕ್ರೌನ್ ಪಿನಿಯನ್ ಹಲ್ಲಿನ ಕಡೆ ಅನುಮಾನ. ಒತ್ತಿದ್ರೂ ಬಿಟ್ರೂ ಒಂದೇ ಸಮ ಗುರ್ ಅಂದ್ರೆ ಬೇರಿಂಗ್. ತಿರುವಲ್ಲಿ ಮಾತ್ರ ಕಟ್ ಕಟ್ ಅಂದ್ರೆ ನಡುವಿನ ಸಣ್ಣ ಗೇರು. ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಧಡ್ ಅಂದ್ರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ. ಕ್ರಾಸ್ ಹೋಗಿರೋದಕ್ಕೆ ಡಿಫ್ರೆನ್ಷಿಯಲ್ ಬಿಚ್ಚಿದವರು ನಮ್ಮಲ್ಲಿ ಕಮ್ಮಿ ಇಲ್ಲ.

ಗಾಡಿ ಸಮತಟ್ಟು ಕಣದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಜಾಕಿ ಎತ್ತೋಕೆ ಮಾತ್ರ, ಹೊರೋಕೆ ಸ್ಟ್ಯಾಂಡ್. ಕಲ್ಲು, ಇಟ್ಟಿಗೆ, ಅಡಿಕೆ ಮರದ ತುಂಡು ಇವು ಯಾವುದೂ ಸ್ಟ್ಯಾಂಡ್ ಅಲ್ಲ. ಗಾಡಿ ಅಡಿಯಲ್ಲಿ ಸತ್ತವನಿಗೆ ಉಳಿಸಿದ ದುಡ್ಡಿಂದ ಎಂತ ಪ್ರಯೋಜನ? ಇದೊಂದರಲ್ಲಿ ಜುಗ್ಗತನ ಮಾಡೋರು ದಯವಿಟ್ಟು ಗ್ಯಾರೇಜಿಗೇ ಹೋಗಿ.

ಆಯಿಲ್ ಬಿಳಿ ಬಟ್ಟಲಿಗೆ ಇಳಿಸಿ ನೋಡಿ. ಹಾಲು ಬೆರೆಸಿದ ಹಾಗಿದ್ರೆ ನೀರು ಹೋಗಿದೆ. ನಮ್ಮ ಕಡೆ ಇದೇ ಹೆಚ್ಚು. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಸೀಲಿನಿಂದಲೋ ನೀರು ಎಳ್ಕೊಳ್ಳುತ್ತೆ. ಆಯಿಲ್‌ನಲ್ಲಿ ಬೆಳ್ಳಿ ಪುಡಿ ಹೊಳೆದ್ರೆ ಸವೆತ, ಚೂರು ಸಿಕ್ಕಿದ್ರೆ ಹಲ್ಲು ಎಣಿಸಿ.

ಬಿಚ್ಚೋ ಮೊದಲೇ ಅಳೀರಿ. ಕವರ್ ತೆಗೆದ ಮೇಲೆ, ಪಿನಿಯನ್ ಅಲ್ಲಾಡದ ಹಾಗೆ ಹಿಡಿದು, ಡಯಲ್ ಗೇಜ್ ಮುಳ್ಳು ಕ್ರೌನ್ ಹಲ್ಲಿಗೆ ನೇರ ಇಟ್ಟು, ಕ್ರೌನ್ ಆಚೆ ಈಚೆ ಆಡಿಸಿ. ಎಷ್ಟು ಪ್ಲೇ ಇದೆ ಬರ್ಕೊಳ್ಳಿ, ನಾಕು ಜಾಗದಲ್ಲಿ. ಹಲ್ಲಿಗೆ ಬ್ಲೂ ಪೇಸ್ಟ್ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತೆ ಅಂತ ಫೋಟೋ ತೆಗೀರಿ. ಇದು ರೋಗಿಯ ಹಳೇ ರಿಪೋರ್ಟು. ಇದಿಲ್ಲದೆ ಮುಂದೆ ನೀವು ಕುರುಡು.

ಆಕ್ಸಲ್ ಶಾಫ್ಟು ಎರಡೂ ಎಳೆದು, ಪ್ರೊಪೆಲ್ಲರ್ ಶಾಫ್ಟಿಗೆ ಗುರುತು ಹಾಕಿ ಕಳಚಿ. ಆಮೇಲೆ ಬೇರಿಂಗ್ ಕ್ಯಾಪು. ಎಡದ್ದಕ್ಕೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಪಂಚ್ ಹೊಡೀರಿ, ಹೌಸಿಂಗ್‌ಗೂ ಅದೇ ಗುರುತು. ಕ್ಯಾಪು ಹೌಸಿಂಗ್‌ಗೆ ಸೇರಿಸಿಯೇ ಕೊರೆದಿರ್ತಾರೆ. ಅದಲು ಬದಲಾದ್ರೆ, ತಲೆಕೆಳಗಾದ್ರೆ, ಹೊಸ ಬೇರಿಂಗೂ ಉಳಿಯಲ್ಲ. ಶಿಮ್ ಬಂದ ಹಾಗೇ ಎಡ, ಬಲ, ಪಿನಿಯನ್ ಅಂತ ಬೇರೆ ಬೇರೆ ದಾರಕ್ಕೆ ಪೋಣಿಸಿ ಚೀಟಿ ಕಟ್ಟಿ. ನಾನು ತಟ್ಟೆಗೆ ಸುರಿದವನು, ಅದರ ಬೆಲೆ ಗೊತ್ತು.

ಕ್ರೌನ್ ಮತ್ತು ಪಿನಿಯನ್ ಜೋಡಿ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರ್ತಾರೆ, ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತೆ. "ಪಿನಿಯನ್ ಮಾತ್ರ ಹೋಗಿದೆ, ಅದೊಂದೇ ಕೊಡಿ" ಅಂತ ಅಂಗಡಿಯಲ್ಲಿ ಕೇಳಬೇಡಿ. ಕೊಡೋ ಅಂಗಡಿ ಇದ್ರೆ ಅಲ್ಲಿಂದ ಎದ್ದು ಬನ್ನಿ.

ಬೇರಿಂಗ್ ಕೂರಿಸೋಕೆ ನಾನು ಪೇಟೆಯ ಲೇತ್ ಅಂಗಡಿಗೆ ಹೋದೆ, ಅವರ ಪ್ರೆಸ್‌ನಲ್ಲಿ ಹದಿನೈದು ನಿಮಿಷ. ಸುತ್ತಿಗೆಯಲ್ಲಿ ಬೇರಿಂಗ್ ಬಡಿಯೋದು ಕೆಲಸ ಅಲ್ಲ, ಸಿಟ್ಟು. ಹೊಸ ಬೇರಿಂಗ್ ಹಾಕಿದ್ರೆ ಹೊರಗಿನ ರೇಸೂ ಹೊಸದೇ ಹಾಕಿ.

ಪಿನಿಯನ್ ಬೇರಿಂಗ್‌ಗೆ ಬಿಗಿ ಎಷ್ಟು? ಇಲ್ಲೇ ಬಹಳ ಜನ ಎಡವೋದು. ಸಡಿಲ ಬಿಟ್ರೆ ಪಿನಿಯನ್ ಹಿಂದೆ ಮುಂದೆ ಆಡುತ್ತೆ. ಹೆಚ್ಚು ಬಿಗಿದ್ರೆ ಬೇರಿಂಗ್ ಸುಡುತ್ತೆ. ಅಳೆಯೋಕೆ ದುಬಾರಿ ಮೀಟರ್ ಬೇಡ, ಮೀನು ಅಂಗಡಿಯ ಕೊಕ್ಕೆ ತಕ್ಕಡಿ ಸಾಕು. ಸೀಲು ಹಾಕೋ ಮೊದಲು, ಕ್ರೌನ್ ಕೂರಿಸೋ ಮೊದಲು, ಫ್ಲೇಂಜ್‌ಗೆ ದಾರ ಸುತ್ತಿ ತಕ್ಕಡಿಯಿಂದ ನಿಧಾನ ಎಳೀರಿ. ಈ ಜಾತಿ ಆಕ್ಸಲ್‌ಗೆ ಹೊಸ ಬೇರಿಂಗ್ ಆದ್ರೆ ಸುಮಾರು 2.3ರಿಂದ 4.5 ನ್ಯೂಟನ್ ಮೀಟರ್. ದಾರ ಸುತ್ತಿದ ಜಾಗದ ಅರ್ಧವ್ಯಾಸ 5 ಸೆಂಟಿಮೀಟರ್ ಇದ್ರೆ ತಕ್ಕಡಿ 4.5ರಿಂದ 9 ಕೆಜಿ ಒಳಗೆ ತೋರಿಸಬೇಕು, ಅದೂ ತಿರುಗ್ತಾ ಇರುವಾಗ, ಹೊರಡುವಾಗಿನ ಎಳೆತ ಅಲ್ಲ. ಹಳೇ ಬೇರಿಂಗ್ ಆದ್ರೆ ಅದರ ಅರ್ಧ. ಇದರಲ್ಲಿ ಶಿಮ್ ಕೂಡಿಸಿ ಕಳೆದು ಹೊಂದಿಸ್ತೀವಿ. ಕೆಲವು ಗಾಡಿಯಲ್ಲಿ ಶಿಮ್ ಬದಲು ಕ್ರಶ್ ಸ್ಲೀವ್ ಇರುತ್ತೆ. ಅದು ಒಂದೇ ಸಲಕ್ಕೆ, ಪ್ರತೀ ಸಲ ಹೊಸದು.

ಆಮೇಲೆ ಕ್ರೌನ್ ಕೂರಿಸಿ ಪ್ಲೇ ಅಳೀರಿ. 0.13ರಿಂದ 0.20 ಮಿಲಿಮೀಟರ್. ಎರಡು ನ್ಯೂಸ್ ಪೇಪರ್ ಹಾಳೆ ಒಟ್ಟಿಗೆ ಇಟ್ಟಷ್ಟು. ಇಷ್ಟು ಸಣ್ಣದನ್ನ ನಾನು "ಕೈಗೆ ಅನ್ನಿಸುತ್ತೆ" ಅಂತ ಹೇಳಿದ್ದು! ಪ್ಲೇ ಹೆಚ್ಚಿದ್ರೆ ಕ್ರೌನ್ ಅನ್ನ ಪಿನಿಯನ್ ಕಡೆ ಸರಿಸಬೇಕು: ಒಂದು ಬದಿಯಿಂದ ತೆಗೆದ ಶಿಮ್ಮನ್ನ ಇನ್ನೊಂದು ಬದಿಗೆ ಹಾಕಿ. ಒಟ್ಟು ದಪ್ಪ ಬದಲಾಗಬಾರದು, ಬದಲಾದ್ರೆ ಬೇರಿಂಗ್ ಬಿಗಿ ಹೋಗುತ್ತೆ.

ಕೊನೆಗೆ ಮತ್ತೆ ಬ್ಲೂ ಪೇಸ್ಟ್. ಕ್ರೌನ್‌ಗೆ ಮರದ ತುಂಡು ಒತ್ತಿ ಸ್ವಲ್ಪ ತಡೆ ಕೊಟ್ಟು, ಪಿನಿಯನ್ ತಿರುಗಿಸಿ. ಗುರುತು ಹಲ್ಲಿನ ನಡುವೆ ಬೀಳಬೇಕು. ಹಲ್ಲಿನ ತಲೆ ಕಡೆ ಬಿದ್ರೆ ಪಿನಿಯನ್ ದೂರ ಇದೆ, ಅದರ ಹಿಂದೆ ಶಿಮ್ ಸೇರಿಸಿ ಒಳಕ್ಕೆ ತನ್ನಿ. ಬುಡದ ಕಡೆ ಬಿದ್ರೆ ಹತ್ತಿರ ಆಗಿದೆ, ಶಿಮ್ ಕಳೀರಿ. ಪಿನಿಯನ್ ಸರಿಸಿದ ಮೇಲೆ ಬಿಗಿಯನ್ನೂ ಪ್ಲೇಯನ್ನೂ ಮತ್ತೆ ಮೊದಲಿಂದ ಅಳೀಬೇಕು. ನನಗೆ ಐದು ಸಲ ಬಿಚ್ಚಿ ಹಾಕಬೇಕಾಯ್ತು. ನಾಕನೇ ಸಲಕ್ಕೆ ಅಳು ಬಂದಿತ್ತು. ಐದನೇ ಸಲ ಗುರುತು ನಡುವೆ ಕೂತಾಗ ಮನೆಯವಳನ್ನ ಕರೆದು ತೋರಿಸಿದೆ. "ಇದಕ್ಕೆ ಇಷ್ಟು ದಿನವಾ?" ಅಂದಳು.

ಆಯಿಲ್ ವಿಷಯಕ್ಕೆ ಬಂದ್ರೆ, ಈ ಹಲ್ಲುಗಳು ಉರುಳೋದರ ಜೊತೆ ಜಾರುತ್ತವೆ. ಇವು ಹೈಪಾಯ್ಡ್ ಜಾತಿಯ ಹಲ್ಲು. ಜಿಎಲ್-5 ದರ್ಜೆಯ 80ಡಬ್ಲ್ಯು-90 ಬೇಕು. ಗೇರ್‌ಬಾಕ್ಸಿನದು ಮಿಕ್ಕಿತ್ತು ಅಂತ ಸುರಿಯಬೇಡಿ. ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿ, ಬ್ರೀದರ್ ಬಾಯಿ ಬಿಚ್ಚಿ ಊದಿ ನೋಡಿ. ಹೊಸ ಹಲ್ಲು ಹಾಕಿದ್ರೆ ಮೊದಲು ಇಪ್ಪತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಪೂರ್ತಿ ತಣ್ಣಗಾಗೋಕೆ ಬಿಡಿ. 800 ಕಿಲೋಮೀಟರ್‌ವರೆಗೆ ಲೋಡು ಬೇಡ, ಅಷ್ಟಾದ ಮೇಲೆ ಆಯಿಲ್ ಬದಲಿಸಿ.

ಇಷ್ಟೇ. ಇದರಲ್ಲಿ ಯಾವುದು ನಮ್ಮ ಕೈಲಾಗದ್ದು, ಹೇಳಿ?

ನೀವು ಎಂತ ಹೇಳ್ತೀರಿ ಅಂತಲೂ ಗೊತ್ತು. "ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತೀಯಲ್ಲ" ಅಂತ. ಇಲ್ಲ. ಡಯಲ್ ಗೇಜ್ ಇಟ್ಟು ಅಳೆದು ಮಾಡೋ ಮೇಸ್ತ್ರಿ ನಿಮ್ಮ ಪೇಟೆಯಲ್ಲಿ ಇದ್ರೆ ಅವರಿಗೇ ಕೊಡಿ, ಕೇಳಿದಷ್ಟು ಕೂಲಿ ಕೊಡಿ, ಪಕ್ಕದಲ್ಲಿ ನಿಂತು ಕಲೀರಿ. ನನ್ನ ಜಗಳ ಇರೋದು ಕವರ್ ಕೂಡ ಬಿಚ್ಚದೆ "ಪೂರ್ತಿ ಸೆಟ್ ಬದಲಿಸಿ" ಅನ್ನೋ ಬಾಯಿ ಜೊತೆ. ಹಲ್ಲು ಎಣಿಸದೆ ಗುಜರಿ ಆಕ್ಸಲ್ ಕೂರಿಸೋ ಕೈ ಜೊತೆ. ಆ ಬಾಯಿಗೆ ಶಕ್ತಿ ಬಂದಿದ್ದು ನಾವು ಪ್ರಶ್ನೆ ಕೇಳೋಕೆ ಬಾರದವರು ಅಂತ ಗೊತ್ತಾಗಿದ್ದಕ್ಕೆ. ಒಂದು ಸಲ ಬಿಚ್ಚಿ ನೋಡಿದವನು ಗ್ಯಾರೇಜಿಗೆ ಹೋದ್ರೂ ಬೇರೆ ಥರ ಮಾತಾಡ್ತಾನೆ: "ಪ್ಲೇ ಎಷ್ಟು ಬಂತು? ಹಲ್ಲು ಎಷ್ಟು? ಹಳೇ ಬೇರಿಂಗ್ ತೋರಿಸಿ."

"ಸರ್ಕಾರ ಏನಾದ್ರೂ ಮಾಡಬೇಕು" ಅನ್ನೋರೂ ಇದ್ದಾರೆ. ಮಾಡಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಅದರಲ್ಲಿ ಕೃಷಿ ಯಂತ್ರವೂ ಇದೆ, ವಾಹನವೂ ಇದೆ. ಒಳ್ಳೇದೇ. ಆದ್ರೆ ಪಾನ ಹಿಡಿಯೋಕೆ ಬಾರದವನಿಗೆ ರಿಪೇರಿ ಹಕ್ಕು ಅಂದ್ರೆ ಈಜು ಬಾರದವನಿಗೆ ಕೆರೆ ಬರೆದುಕೊಟ್ಟ ಹಾಗೆ.

ಗಡಿಯೂ ಹೇಳಿಬಿಡ್ತೀನಿ, ಯಾರೂ ನನ್ನ ಮಾತು ಕೇಳಿ ಹೊಸ ಗಾಡಿ ಹಾಳು ಮಾಡ್ಕೋಬೇಡಿ. ಮುಂದಿನ ಗಾಲಿಯೇ ಎಳೆಯೋ ಸಣ್ಣ ಕಾರುಗಳಲ್ಲಿ ಡಿಫ್ರೆನ್ಷಿಯಲ್ ಗೇರ್‌ಬಾಕ್ಸ್ ಹೊಟ್ಟೆ ಒಳಗೇ ಇರುತ್ತೆ. ಅದು ಕಣದಲ್ಲಿ ಕಲಿಯೋ ಕೆಲಸ ಅಲ್ಲ. ವಾರಂಟಿ ಇರೋ ಗಾಡಿ ಮುಟ್ಟಬೇಡಿ. ಕೊಯ್ಲಿನ ನಡುವೆ, ನಾಳೆ ಬೆಳಿಗ್ಗೆ ಗಾಡಿ ಬೇಕು ಅನ್ನೋ ಅವಸರದಲ್ಲಿ ಬಿಚ್ಚಬೇಡಿ. ಇದು ಮಳೆಗಾಲದ ಕೆಲಸ, ಜಡಿ ಹಿಡಿದು ತೋಟಕ್ಕೆ ಕಾಲಿಡೋಕೆ ಆಗದ ದಿನಗಳ ಕೆಲಸ. ಆಯಿಲ್ ಲೆವೆಲ್ ನೋಡೋಕೆ ಮಾತ್ರ ಯಾವ ಮುಹೂರ್ತವೂ ಬೇಡ. ಒಂದು ಪಾನ, ಒಂದು ಬೆರಳು, ಐದು ನಿಮಿಷ. ನಾಳೆಯೇ ನೋಡಿ. ಆ ಗೆಳೆಯರು ವರ್ಷಕ್ಕೊಂದು ಸಲ ಆ ಬೆರಳು ಹಾಕಿದ್ದಿದ್ರೆ ಈ ಬರಹವೇ ಬೇಕಿರಲಿಲ್ಲ.

ಕೊನೆಗೊಂದು ಮಾತು. ಡಯಲ್ ಗೇಜು, ಬೇರಿಂಗ್ ಪುಲ್ಲರ್, ಟಾರ್ಕ್ ಪಾನ, ನಾಕು ಗಟ್ಟಿ ಸ್ಟ್ಯಾಂಡು, ಇಷ್ಟನ್ನ ಒಬ್ಬೊಬ್ಬರೇ ಕೊಳ್ಳೋದು ದಂಡ. ವರ್ಷದಲ್ಲಿ ಎರಡು ದಿನ ಬಳಸಿ ಉಳಿದ ದಿನ ತುಕ್ಕು ಹಿಡಿಸೋದಕ್ಕಾ? ನಮ್ಮ ಕೇರಿಯಲ್ಲೇ ಎಂಟು ಮನೆ ಜೀಪು, ಪಿಕಪ್ ಇದೆ. ಎಂಟು ಮನೆ ಸೇರಿ ಒಂದು ಪೆಟ್ಟಿಗೆ ಮಾಡೋಣ. ಗೋಟು ಸುಲಿಯೋಕೆ, ನಾಟಿಗೆ ಮುಯ್ಯಾಳು ಮಾಡ್ಕೊಂಡು ಬಂದವರು ನಾವು, ಪಾನ ಹಂಚಿಕೊಳ್ಳೋಕೆ ಆಗಲ್ವಾ?

ಆ ಗೆಳೆಯರ ಹಳೇ ಹೌಸಿಂಗ್ ನಮ್ಮ ಕೊಟ್ಟಿಗೆಯಲ್ಲೇ ಇದೆ. ಬರೋ ಭಾನುವಾರ ಬೆಳಿಗ್ಗೆ ಅದನ್ನ ಮೇಜಿನ ಮೇಲಿಟ್ಟು ಪೂರ್ತಿ ಬಿಚ್ಚಿ, ಹೊಸ ಬೇರಿಂಗ್ ಹಾಕಿ, ಅಳೆದು ಮುಚ್ಚೋಣ. ಅವರೂ ಬರ್ತೀನಿ ಅಂದಿದ್ದಾರೆ. ಗಾಡಿ ಹೋದ್ರೂ, ಯಾಕೆ ಹೋಯ್ತು ಅಂತ ಕಣ್ಣಾರೆ ನೋಡಬೇಕಂತೆ. ಎಡವಟ್ಟಾದ್ರೂ ಯಾರ ಗಾಡಿಗೂ ನಷ್ಟ ಇಲ್ಲ, ಕಲಿಯೋಕೆ ಇದಕ್ಕಿಂತ ಒಳ್ಳೇ ಅವಕಾಶ ಸಿಗಲ್ಲ. ಮಧ್ಯಾಹ್ನಕ್ಕೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಇದೆ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಹುಡುಗರನ್ನೂ ಹುಡುಗಿಯರನ್ನೂ ಕರ್ಕೊಂಡು ಬನ್ನಿ. "ನಮ್ಮ ಕೈಲಾಗಲ್ಲ" ಅನ್ನೋ ಮಾತೊಂದನ್ನ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.